ದ್ವಿವಚನ

ಯೆಸೆನಿತ್ಸೆ ಊರಿನ ಭಾಷೆಯಲ್ಲಿ
ಒಂದರಿಂದ ನೇರ ಹಲವಕ್ಕೆ ಜಿಗಿಯುವಂತಿಲ್ಲ,
ನಡುವೆ ಒಂದು ಮೆಟ್ಟಿಲಿದೆ, ಎರಡರದು.
ನಮ್ಮ 'ನಾವು' ಒಳಗೆ ಗಂಡಹೆಂಡಿರೂ ಹಿಡಿಸುತ್ತಾರೆ,
ಒಂದು ರೈಲಿನ ಜನವೂ.
ಅಲ್ಲಿ 'ಮಿದ್ವಾ' ಎಂದರೆ ನಾವು, ಇಬ್ಬರೇ;
ಮೂರನೆಯವರು ಬಂದು ಕುರ್ಚಿ ಎಳೆದುಕೊಂಡರೆ
ಕ್ರಿಯಾಪದವೇ ಸರಿದು ಜಾಗ ಬಿಡಬೇಕು.

ದಾನಿತ್ಸ, ಲೋವ್ರೊ
ನಲವತ್ತೊಂದು ವರ್ಷ ಆ ಮೆಟ್ಟಿಲ ಮೇಲೆ ಕೂತಿದ್ದರು.
ಅವನು ಉಕ್ಕಿನ ಕಾರ್ಖಾನೆಯಲ್ಲಿ ಎಡಗಿವಿ ಕಳೆದುಕೊಂಡವನು,
ಗುಟ್ಟು ಕೂಡ ಕೂಗಿಯೇ ಹೇಳುವವನು.
'ಗ್ರೆವಾ!' ಎಂದು ಬಾಗಿಲಲ್ಲಿ ನಿಂತರೆ,
ನಡಿ, ಹೋಗೋಣ ನಾವಿಬ್ಬರೂ,
ಮೂರು ಮಹಡಿಗೂ ಕೇಳಿಸುತ್ತಿತ್ತು.
ಹೊರಟದ್ದು ಬ್ರೆಡ್ಡು ತರಲು, ಅಷ್ಟೆ.
ಜಗಳವೂ ದ್ವಿವಚನದಲ್ಲೇ:
ಬಾಡಿಗೆ ಕಟ್ಟಲಿಲ್ಲ ನಾವಿಬ್ಬರೂ,
ಮರೆತುಬಿಟ್ಟೆವು ನಾವಿಬ್ಬರೂ,
ಅಂದರೆ ಮರೆತವಳು ನೀನು.

ಮಾರ್ಚಿನಲ್ಲಿ ಅವನು ಸತ್ತ.
ಪೆಟ್ಟಿಗೆ, ಹೂವು, ಪಿಂಚಣಿಯ ಕಾಗದ,
ಒಂದೊಂದಕ್ಕೆ ಒಬ್ಬೊಬ್ಬರು ಒದಗಿದರು.
ವ್ಯಾಕರಣಕ್ಕೆ ಯಾರೂ ಬರಲಿಲ್ಲ.

ನಾಲಿಗೆಗೆ ಸುದ್ದಿ ತಲುಪಲು ತಡವಾಯಿತು.
ವಿದ್ಯುತ್ ಕಚೇರಿಗೆ ಫೋನು ಮಾಡಿ
'ಗುರುವಾರ ಮನೆಯಲ್ಲಿರುತ್ತೇವೆ ನಾವಿಬ್ಬರೂ' ಎಂದಳು;
ಆ ಕಡೆಯ ಹುಡುಗ ಕೇಳಿದ, 'ಇನ್ನೊಬ್ಬರ ಹೆಸರು?'

ಬೇಕರಿಯವಳು ಇಷ್ಟು ವರ್ಷ
'ಬೊಸ್ತಾ' ಅನ್ನುತ್ತಿದ್ದಳು, ಏನು ಬೇಕು ನಿಮ್ಮಿಬ್ಬರಿಗೆ?
ಈಗ 'ಬೊಸ್ತೆ' ಅನ್ನುತ್ತಾಳೆ, ಮರ್ಯಾದೆಯ ಬಹುವಚನ,
ನಮ್ಮ 'ನೀವು' ಇದ್ದ ಹಾಗೆ.
ಇಬ್ಬರಿದ್ದಾಗ ಇಬ್ಬರು.
ಒಬ್ಬಳಾದ ಮೇಲೆ ಬಹಳ ಮಂದಿ.
ಅಷ್ಟು ಮಂದಿಗೂ ಸೇರಿ
ದಾನಿತ್ಸ ಅರ್ಧ ಬ್ರೆಡ್ಡು ಕೇಳುತ್ತಾಳೆ.

ಕೆಳಗಿನ ಮನೆಗೆ ಕೊಸೊವೊದಿಂದ ಬಂದವರ ಮಗಳು ವ್ಯೋಸ,
ಎಂಟು ವರ್ಷ, ಮುಂದಿನ ಹಲ್ಲು ಅರ್ಧ ಬಂದಿದೆ.
ಮಂಗಳವಾರ ಪಠ್ಯಪುಸ್ತಕ ಅವಚಿಕೊಂಡು ಹತ್ತಿ ಬಂದಳು.
ಅವಳ ಮನೆಮಾತಿನಲ್ಲೂ ಒಂದು, ಆಮೇಲೆ ಹಲವು;
ಇಬ್ಬರಿಗೆಂದೇ ಬೇರೆ ಮಾತು ಯಾಕೆಂದು ಸಿಟ್ಟು.
'ಗ್ರೆಮೊ' ಎಂದಳು.
'ಅದು ಗುಂಪಿಗೆ. ಗ್ರೆವಾ ಅನ್ನು.'
'ಯಾರು ಯಾರು?'
'ನಾನು. ನೀನು.'
ಅಂದವಳ ಬಾಯಿ ಒಣಗಿತು.
ಹೆಣ್ಣಿಗೆ ಹೆಣ್ಣು ಜೊತೆಯಾದರೆ
'ಮಿದ್ವಾ' ಅಲ್ಲ, 'ಮಿದ್ವೆ'.
ಕನ್ನಡದಲ್ಲಿ ಬರೆಯುವ ನನಗೆ
ಒಂದು ಇಳಿ ಅಳಿಸಿ ಒಂದು ಎತ್ವ ಹಾಕುವ ಕೆಲಸ;
ಅವಳಿಗೆ, ಅಮ್ಮ ಹೋದಾಗಿನಿಂದ
ಬಾಯ್ತುಂಬ ಆಡದೆ ಇಟ್ಟಿದ್ದ ಮಾತು.

'ಅಣ್ಣ ಪೇಯದಲ್ಲೇ ಇದ್ದಾನೆ, ಅಜ್ಜಿಯ ಹತ್ತಿರ.
ಅವನೂ ನಾನೂ ಮಿದ್ವಾನೋ, ಅಲ್ಲವೋ?'
ಪುಸ್ತಕದಲ್ಲಿ ಹುಡುಕಿದರು.
ದೂರದ ಲೆಕ್ಕ ಅದರಲ್ಲಿ ಇರಲಿಲ್ಲ.

ಸಿಕ್ಕಿದ್ದು ಬೇರೆ, ಕೆಂಪು ಚೌಕದೊಳಗೆ:
ಕಣ್ಣು, ಕೈ, ಕಾಲು, ಕಾಲುಚೀಲ, ಬೂಟು,
ಸದಾ ಜೋಡಿಯಾಗಿಯೇ ಇರುವಂಥವಕ್ಕೆ
ಸಾಮಾನ್ಯವಾಗಿ ಬಹುವಚನವೇ ಸಾಕು.
ದ್ವಿವಚನ, ಬೇರೆ ಬೇರೆ ಇದ್ದು ಬಂದು ಸೇರಿದವಕ್ಕೆ:
ಎರಡು ಬಟ್ಟಲು, ಎರಡು ಸೇಬು,
ಇಬ್ಬರು ಮನುಷ್ಯರು.
ದಾನಿತ್ಸ ಕನ್ನಡಕ ಒರೆಸಿ ಇನ್ನೊಮ್ಮೆ ಓದಿದಳು.
ಅರವತ್ತೆಂಟು ವರ್ಷ ಹೀಗೆಯೇ ಮಾತಾಡಿದ್ದಳು.
ಗೊತ್ತಿರಲಿಲ್ಲ.

ಹೊರಡುವಾಗ ವ್ಯೋಸ ಬಾಗಿಲ ಬಳಿ ನಿಂತಳು.
ಗೋಡೆಗೊರಗಿ ಲೋವ್ರೊನ ಕಾರ್ಖಾನೆಯ ಬೂಟು,
ಲೇಸು ಅವನು ಬಿಚ್ಚಿದಂತೆಯೇ.
ಹೊಸ ಪಾಠದ ಹುರುಪಿನಲ್ಲಿ ಹುಡುಗಿ
ಬೂಟಿಗೂ ದ್ವಿವಚನ ಹಚ್ಚಿ ಕೇಳಿದಳು,
'ಇವೆರಡೂ ಯಾರವು?'

ತಪ್ಪು. ತಿದ್ದಬೇಕಿತ್ತು.
ದಾನಿತ್ಸ ಮೆಟ್ಟಿಲ ದೀಪ ಹಾಕಿದಳು.
'ಲೋವ್ರೊನವು' ಎಂದಳು,
ಹುಡುಗಿಯ ತಪ್ಪಿನಲ್ಲೇ.