ಸುಮ್ಮನಿದ್ದರೆ ಸಮತಟ್ಟು

ಪುಷ್ಯದ ಚಳಿ. ತುರಹಳ್ಳಿ ಗೇಟಿನ ಕಾವಲುಗಾರ
ಮಂಕಿ ಟೋಪಿಯೊಳಗಿಂದ ಕಣ್ಣಷ್ಟೇ ತೆರೆದು
ನಮ್ಮಿಬ್ಬರ ನಡುವಿನ ಷೂ ಲೇಸು ನೋಡುತ್ತಾನೆ.
ಅದರ ಒಂದು ಗಂಟು ನನ್ನ ಬೆರಳಿಗೆ,
ಇನ್ನೊಂದು ಸಗಾಯಮೇರಿಯ ಬೆರಳಿಗೆ.
"ನಾಯಿ ಕಟ್ಟಿದಂಗಿದೆ," ಅಂದಿದ್ದ ಮೊದಲ ವಾರ.
"ಯಾರು ನಾಯಿ, ಅದನ್ನ ಹೇಳಿ," ಅಂದಿದ್ದಳು ಮೇರಿ.
ಈಗ ಮಾತಿಲ್ಲದೆ ಸರಪಳಿ ಸರಿಸುತ್ತಾನೆ.

ಬ್ಯಾಂಕಿನಲ್ಲಿ ಅವಳದು ಟೆಲಿಫೋನ್ ಬೋರ್ಡು.
ದಿನವಿಡೀ ಬೇರೆಯವರ ದನಿಗಳನ್ನು
ಸರಿಯಾದ ಮೇಜಿಗೆ ಮುಟ್ಟಿಸುವವಳು
ಬೆಳಗಿನ ಈ ಒಂದು ಗಂಟೆ
ನನ್ನ ದನಿಗೆ ತನ್ನ ಕಾಲು ಜೋಡಿಸುತ್ತಾಳೆ.
ಕರಾರು ಒಂದೇ:
"ಕಲ್ಲಿದ್ರೆ ಹೇಳು. ಸುಮ್ಮನಿದ್ರೆ
ನೆಲ ಸಮ ಇದೆ ಅಂತ ನಂಬ್ತೀನಿ."

ಟಾರ್ಚಿನ ಬೆಳಕು ಮುಂದೆ, ನಾವು ಹಿಂದೆ.
ಎಡಕ್ಕೆ ಗುಂಡು. ಮೆಟ್ಟಿಲು, ಮೊಣಕಾಲೆತ್ತರ.
ಬೇರು. ಬೇರು. ಗರಸು, ಜಾರುತ್ತೆ.
ಹಾಸುಬಂಡೆ, ಹತ್ತು ಹೆಜ್ಜೆ, ಇಬ್ಬನಿ ಇದೆ, ಹಿಮ್ಮಡಿ ಊರು.
ಲಂಟಾನ, ತಲೆ ತಗ್ಗಿಸು.
ನೀಲಗಿರಿ ಎಲೆ ಮುಚ್ಚಿದೆ, ಕೆಳಗೇನಿದೆಯೋ ಗೊತ್ತಿಲ್ಲ.

ಮೊದಮೊದಲು ಎಲ್ಲಕ್ಕೂ ಕಲ್ಲು ಅಂತಿದ್ದೆ.
"ಯಾವ ಕಲ್ಲು?" ರೇಗುತ್ತಿದ್ದಳು.
"ಫೋನ್ ಮಾಡಿದೋರಿಗೆಲ್ಲ ನಾನು
'ಸಾಹೇಬ್ರು ಇದಾರೆ' ಅಂದ್ರೆ ಸಾಕಾ? ಯಾವ ಸಾಹೇಬ್ರು?"
ಹಾಗೆ ಕಲಿತೆ: ಗುಂಡು, ಚಪ್ಪಡಿ, ನೊರಜು, ಮೊನೆ.
ಕಾಲಿಟ್ಟಾಗ ಅಲ್ಲಾಡುವುದಕ್ಕೆ ನನ್ನಲ್ಲಿ ಹೆಸರಿರಲಿಲ್ಲ,
ಅವಳೇ ಇಟ್ಟಳು: ಸುಳ್ಳುಗಲ್ಲು.
ಅಕ್ಕಿಯಲ್ಲಿ ಕಲ್ಲು ಆರಿಸಿ ಬೆಳೆದ ಕಣ್ಣಿಗೆ
ಕಲ್ಲಿನಲ್ಲಿ ದಾರಿ ಆರಿಸಲು
ನಲವತ್ತು ದಾಟಬೇಕಾಯ್ತು.

ಕಿವಿ ಉರಿಯುತ್ತದೆ. ಮೂಗಿನ ನೀರು ತುಟಿಗೆ.
ಆಡಿದ ಪ್ರತಿ ಮಾತಿಗೂ ಹಬೆ;
ಎಡ ಅಂದರೆ ಎಡವೇ ಒಂದು ಚಣ ಬೆಳ್ಳಗೆ ಕಾಣುತ್ತದೆ.
ಅವಳು ಅದರೊಳಕ್ಕೆ ಕಾಲಿಡುತ್ತಾಳೆ.

ಆ ಶನಿವಾರ, ನೆತ್ತಿಯ ಬಂಡೆಗೆ ಇನ್ನು ಐವತ್ತು ಮಾರು,
ಪೂರ್ವಕ್ಕೆ ತಿರುಗಿದೆ, ಬಾಯಿ ಕಟ್ಟಿತು.
ಎಷ್ಟು ಹೊತ್ತು? ಮೂರು ಹೆಜ್ಜೆ.
ಅವಳು ನಂಬಿದಳು.

ಲೇಸು ಬಿಗಿದು ಬೆರಳು ಕೊಯ್ದ ಮೇಲೆ
ಸದ್ದು ಕೇಳಿಸಿತು, ಮೊಣಕಾಲು ಬಂಡೆಗೆ ಬಡಿದದ್ದು:
ಈಡುಗಾಯಿ ಒಡೆಯದೆ ಉರುಳಿದ ಹಾಗೆ.

ಕೂತಳು. ಅಂಗೈಯಿಂದ ಒರೆಸಿಕೊಂಡು, ಮೂಸಿ,
"ರಕ್ತ," ಅಂದಳು, ಎಕ್ಸ್‌ಟೆನ್ಶನ್ ನಂಬರು ಹೇಳುವ ದನಿಯಲ್ಲಿ.
ಬಾಟಲಿಯ ನೀರು ಸುರಿದೆ. ರಾತ್ರಿಯ ಚಳಿಯೆಲ್ಲ
ಆ ನೀರಿನಲ್ಲೇ ಮಲಗಿತ್ತು. "ಮಾತಾವೇ!" ಅಂದಳು, ಹಲ್ಲು ಕಚ್ಚಿ.
ತಪ್ಪಾಯ್ತು ಅನ್ನಲು ಬಾಯಿ ತೆರೆದೆ,
ಲೇಸು ಎಳೆದಳು.
"ಅದಿರಲಿ. ಏನಿತ್ತು ಅಲ್ಲಿ?"

ಏನಿತ್ತು.
ಮಂಜಿತ್ತು, ಮೇರಿ. ಕನಕಪುರ ರಸ್ತೆ ಇರಲಿಲ್ಲ.
ಅಪಾರ್ಟ್‌ಮೆಂಟುಗಳು ಕತ್ತಿನವರೆಗೆ ಮುಳುಗಿ ನಿಂತಿದ್ದವು,
ಕೆರೆಗಿಳಿದ ಎಮ್ಮೆಗಳು.
ಒಂದರ ಬೆನ್ನ ಮೇಲೆ ಬೆಳ್ಳಕ್ಕಿ; ನೀರಿನ ಟ್ಯಾಂಕು ಇರಬೇಕು.
ಮೆಟ್ರೋ ಬಂತು, ಅದರ ಕೆಳಗೆ ಕಂಬಗಳಿರಲಿಲ್ಲ.
ಆಮೇಲೆ ಎಲ್ಲದಕ್ಕೂ ಒಂದೇ ಮಗ್ಗುಲು ಕೆಂಪು.

"ಎಮ್ಮೆ ಗೊತ್ತು," ಅಂದಳು ಸ್ವಲ್ಪ ಹೊತ್ತು ಬಿಟ್ಟು.
"ಮೈ ಬೆಚ್ಚಗಿರುತ್ತೆ. ಕೆಂಪು ನೀನೇ ಇಟ್ಕೋ."
ಮುಖ ತಿರುಗಿಸಿ ಕಾದಳು. "ಹಾಂ, ಬಂತು. ಈ ಕೆನ್ನೆಗೆ."
ನವಿಲೊಂದು ಎಲ್ಲೋ ಕೆಟ್ಟದಾಗಿ ಕೂಗಿತು.
"ಇನ್ಮೇಲೆ ಅಂಥದ್ದೇನಾದ್ರೂ ಕಂಡ್ರೆ
ನಿಲ್ಲು ಅನ್ನು. ಅದೂ ಒಂಥರಾ ಕಲ್ಲೇ."

ಇಳಿಯುವಾಗ ಅವಳದು ಕುಂಟು, ನನ್ನದು ಬೆರಳುರಿ.
ಒಂದು ನೊರಜನ್ನೂ ಬಿಡದೆ ಹೇಳಿದೆ,
ಸಾಕು ಮಾರಾಯ್ತಿ ಅನ್ನುವಷ್ಟು.
ವಾಜರಹಳ್ಳಿ ಸ್ಟೇಷನ್ನಿನಲ್ಲಿ ಲೇಸು ಬಿಚ್ಚಿ
ಮಡಚಿ ಅವಳ ಜೇಬಿಗೆ ಹಾಕಿದೆ.
ಮೆಟ್ಟಿಲನ್ನು ಅವಳು ನನ್ನನ್ನು ಕೇಳದೆ ಹತ್ತಿದಳು.

ನಾನು ಬಸ್ಸು ಹಿಡಿದೆ. ಕಿಟಕಿಯ ಗಾಜಿಗೆ ಹಬೆ.
ಮುಂದೆ ಹಂಪು ಕಂಡದ್ದೇ
ನನ್ನ ಬಾಯಿ ತಾನಾಗಿ "ಗುಂಡು, ಅಡ್ಡಕ್ಕೆ" ಅಂದುಬಿಟ್ಟಿತು.
ಪಕ್ಕದ ಸೀಟಿನ ಹೆಂಗಸು ನನ್ನನ್ನೊಮ್ಮೆ ನೋಡಿ
ಸೇವಂತಿಗೆ ಬುಟ್ಟಿಯನ್ನು ಗಟ್ಟಿಯಾಗಿ ಹಿಡಿದಳು.
ಬಸ್ಸು ಎಗರಿತು.