ಗೆಜ್ಜಿ

ನಮ್ಮ ಮನ್ಯಾಗ ತತ್ತಿ ಒಡದವರಿಲ್ಲ, ಮೊದಲಿಂದ.
ನಾಯಿಗೂ ಅದೇ ನೇಮ:
ಹಾಲಿನಾಗ ಕಿವುಚಿದ ರೊಟ್ಟಿ, ತೊಗರಿಬ್ಯಾಳಿ ಕಟ್ಟು,
ಸೋಮವಾರಕ್ಕೊಮ್ಮಿ ಅತ್ತಿ ಹಣಿಗಿ ಹಚ್ಚೋ ಇಬತ್ತಿ.
ವಾಡಿ ಸಿಮೆಂಟಿನ ಧೂಳು ಹೆಂಗೂ ಎಲ್ಲರ ಹಣಿಗೂ ಅದ,
ಬೇವಿನೆಲಿಗೂ, ಒಣಹಾಕಿದ ಸೀರಿಗೂ.
ನಾಯಿ ಒಂದೇ ಶರಣ ಅಂತ ಹೇಳಲಿಕ್ಕ ಬರಂಗಿಲ್ಲ.

ಹೆಸರು ಫುಟಾಣಿ. ಮಗಳು ನೀಲಗಂಗಾ ಇಟ್ಟಿದ್ದು.
ಪಾರ್ಸಲ್ ಆಫೀಸಿನ ತಕ್ಕಡಿ ಕೆಳಗ
ಸಿಕ್ಕಾಗ ಅಷ್ಟೇ ಇತ್ತು.
ಅಕಿ ಚಾದರದಾಗ ಮಲಗತದ,
ಗುಡುಗಿದರ ಕಾಟ್ ಕೆಳಗ ಹೋಗ್ತದ,
ಫುಗ್ಗಾ ಒಡದರ ಉಚ್ಚಿ ಹೊಯ್ಕೋತದ.

ಹಿತ್ತಲಕ್ಕ ಗ್ವಾಡಿ ಇಲ್ಲ.
ಶಹಾಬಾದಿ ಪರಸಿ ನಿಲ್ಲಿಸಿದ್ದು, ಸಾಲಾಗಿ,
ಹಲ್ಲು ಬಿದ್ದ ಬಾಯಿ ಹಂಗ ನಡುವ ಸಂದು.
ಸಂದಿನಾಚೆ ಕೆಟ್ಟ ಲೈನು. ಹತ್ತು ವರ್ಷ ಆತು
ಗೂಡ್ಸ್ ಬಂದಿಲ್ಲ. ಹಳಿಗಿ ತುಕ್ಕು, ಜಲ್ಲಿ ನಡುವ ಉತ್ತರಾಣಿ.
ಅಲ್ಲೇ ಟಿಟ್ಟಿಭ ತತ್ತಿ ಇಟ್ಟಿತ್ತು.
ಗೂಡು ಅನ್ನಂಗಿಲ್ಲ. ಜಲ್ಲಿಯೊಳಗ ನಾಕು ಜಲ್ಲಿ,
ಇವು ಬೆಚ್ಚಗಿದ್ದವು ಅಷ್ಟೇ.
ಅಮಾಸಿ ಹೊತ್ತಿಗಿ ಜಲ್ಲಿಗಿ ಕಾಲು ಬಂದವು.

ನಾ ಬುಕಿಂಗ್ ಕೌಂಟರಿನಾಗ ನೈಟ್ ಮುಗಿಸಿ
ಮುಂಜಾನಿ ಆರಕ್ಕ ಬಂದೆ.
ಫುಟಾಣಿ ಕಟ್ಟಿ ಮ್ಯಾಲ ಕುಂತಿತ್ತು,
ಬಾಲ ಇಲ್ಲದವರಂಗ ಸುಮ್ಮನ.
ಬಾಯಾಗ ಏನೋ.
ನೀಲಗಂಗಾನ ಕಾಲ್ಚೀಲ ಅಂದ್ಕೊಂಡೆ.
ಕಾಲ್ಚೀಲಕ್ಕ ಕಾಲಿದ್ದವು, ಕಸಬರಗಿ ಕಡ್ಡಿಯಷ್ಟು.

ಬಿಡು, ಅಂದೆ. ಬಿಟ್ಟಿತು.
ಮೆತ್ತಗ, ಪ್ರಸಾದ ಇಟ್ಟಂಗ, ನನ್ನ ಚಪ್ಪಲಿ ಮುಂದ.
ಒಂದು ಹನಿ ರಕ್ತ ಇರಲಿಲ್ಲ.
ಜೀವಾನೂ ಇರಲಿಲ್ಲ.
ಆಮ್ಯಾಲ ನನ್ನ ಮುಖ ನೋಡ್ತು.
ರೊಟ್ಟಿ ಕೇಳುವಾಗಿನ ಕಣ್ಣಲ್ಲ ಅವು.
ಒಳಗ ಯಾರೋ ಬಾಗಿಲು ತಗದು ನಿಂತಿದ್ದರು,
ನಾವು ಬರೂಕಿಂತ ಭಾಳ ಮೊದಲಿಂದ
ಆ ಮನ್ಯಾಗ ಇದ್ದವರು.

ಮ್ಯಾಲ ತಾಯಿ ಚೀರ್ತಿತ್ತು, ಸುತ್ತು ಹಾಕಿ ಹಾಕಿ.
ಅತ್ತಿ ನೀರು ಚಿಮುಕಿಸಿದಳು,
ನಾಯಿ ಮ್ಯಾಲ, ಕಟ್ಟಿ ಮ್ಯಾಲ, ನನ್ನ ಮ್ಯಾಲನೂ.
‘ಯಾರು ಕಲಿಸಿದರ ಇದಕ್ಕ?’
ಖಾಜಾಬಿ ಪರಸಿ ಸಂದಿನಾಗ ಮುಖ ಹಾಕಿ ನಕ್ಕಳು:
‘ಕುತ್ತಾ ಹೈ ಅವ್ವಾ, ಬಕ್ರಿ ನೈ.’
ಅಕಿ ಮನ್ಯಾಗ ಐತವಾರ ಕೋಳಿ ಆಗ್ತದ.
ಅಕಿ ನಾಯಿ ಎಲುಬು ಕಡದು ಬಿಸಿಲಿಗಿ ಮಲಗತದ,
ಮೂಗಿನ ಮ್ಯಾಲಿನ ನೊಣಾನೂ ಹೊಡಿಯಂಗಿಲ್ಲ.

ನೀಲಗಂಗಾ ಎರಡು ದಿನ ನಾಯಿ ಸಂಗಟ ಮಾತು ಬಿಟ್ಟಳು.
ಮೂರನೇ ರಾತ್ರಿ ಚಾದರದಾಗ ಮತ್ತ ಇಬ್ಬರೂ.
ನಾನೇ ಸ್ಟೇಷನ್ ರೋಡಿಗಿ ಹೋಗಿ
ಕರುವಿಗಿ ಕಟ್ಟೋ ಹಿತ್ತಾಳಿ ಗೆಜ್ಜಿ ತಂದೆ,
ಚೌಕಾಸಿ ಮಾಡಿ ನಲವತ್ತಕ್ಕ.
ಹಕ್ಕಿಗಿ ಒಂದು ಸಿಗ್ನಲ್ ಇರಲಿ ಅಂತ.
ರೈಲ್ವೆ ಬುದ್ಧಿ.

ಮೊದಲ ದಿನ ಮನಿ ತುಂಬ ಝಲ್ ಝಲ್.
ಗುಬ್ಬಿ ಹಾರಿದವು, ಓತಿಕ್ಯಾತ ಬೇವು ಏರ್ತು,
ಅಳಿಲು ಪರಸಿ ಮ್ಯಾಲ ಕುಂತು ಬೈತು.
ಫುಟಾಣಿ ನಾಚಿ ಕಾಟ್ ಕೆಳಗ ಸೇರ್ತು.
ಎರಡನೇ ದಿನ ಕಡಿಮಿ.
ನಾಕನೇ ದಿನ ಕಿಟಕಿಯಿಂದ ನೋಡಿದೆ:
ಗದ್ದ ಎದಿಗಿ ಒತ್ತಿ, ಗೆಜ್ಜಿ ನಡುವ ಹಿಚುಕಿ,
ಒಂದು ಕಾಲು ಎತ್ತಿ, ತಡದು,
ಗಾಳಿ ನಿಂತ ಮ್ಯಾಲ ಇಟ್ಟು,
ತುಂಬಿದ ಕೊಡ ಹೊತ್ತವಳಂಗ
ಸಂದು ದಾಟ್ತು.
ಗೆಜ್ಜಿ ತುಟಿ ಪಿಟಕ್ ಅನ್ನಲಿಲ್ಲ.

ನಾ ಕೂಗಬೇಕಿತ್ತು.
ಕೂಗಲಿಲ್ಲ.
ಅಷ್ಟು ಚಂದ ನಡಿಯೂದು ನಾ ಎಲ್ಲೂ ನೋಡಿರಲಿಲ್ಲ.

ಈಗ ಕೌಂಟರಿನಾಗ ಕುಂತೀನಿ, ರಾತ್ರಿ ಎರಡು.
ಸೊಲ್ಲಾಪುರಕ್ಕ ಒಂದು, ರಾಯಚೂರಿಗಿ ಎರಡು,
ಗಾಜಿನ ತೂತಿನಾಗ ಕೈ, ಚಿಲ್ಲರ.
ಕೆಟ್ಟ ಲೈನಿನ ಕಡಿಂದ ಟಿಟ್ಟಿಭ ಕೂಗ್ತದ.
ಆಕಾಶ ಬಿದ್ದರ ಹಿಡೀಲಿಕ್ಕ
ಕಾಲು ಮ್ಯಾಲ ಮಾಡಿ ಮಲಗತದಂತ ಅದು.
ಕಿವಿ ಕೊಟ್ಟು ಕೇಳತೀನಿ. ಗೆಜ್ಜಿ ಸಪ್ಪಳ ಇಲ್ಲ.

ಇಲ್ಲ ಅಂದರ
ಮನ್ಯಾಗ ಮಲಗ್ಯದ ಅಂತಾನೂ ಆಗ್ತದ.