ತೂತು ಬಿದ್ದ ಹಾಡು

ತ್ಬಿಲಿಸಿಯ ನೆಲಮಾಳಿಗೆ. ಬಾವಿಯಂಥ ಒಲೆ.
ಮೂಟೆಯ ಮೇಲೆ ಹಿಟ್ಟು ಮೆತ್ತಿದ ರೇಡಿಯೊ.
ನಸುಕಿಗೆ ದಿನವೂ ಅದೇ ಹಾಡು.
ಗೊದೆರ್ಜಿ ನಾದುತ್ತಾನೆ, ಎಳೆಯುತ್ತಾನೆ,
ಸೊಂಟದ ತನಕ ಒಲೆಯೊಳಗೆ ಬಾಗಿ
ಕಾದ ಗೋಡೆಗೆ ರೊಟ್ಟಿ ಬಡಿಯುತ್ತಾನೆ.

ಬಾಗಿದಾಗ ಹಾಡಿಲ್ಲ,
ಕಿವಿತುಂಬ ಬೆಂಕಿಯ ಗುಂಯ್.
ಎದ್ದರೆ ಎರಡು ಸಾಲು ಮುಂದೆ ಹೋಗಿರುತ್ತದೆ:
ಯಾರೋ ನದಿ ದಾಟಿಬಿಟ್ಟಿರುತ್ತಾರೆ,
ಯಾಕೋ ಗೊತ್ತಿಲ್ಲ.

ಹನ್ನೊಂದು ವರ್ಷ ಹೀಗೇ ಬಾಯಿಪಾಠ,
ಅರ್ಧ ಹಾಡು, ಅರ್ಧ ಉರಿ.

ಮೊನ್ನೆ ತಂಗಿ ಮಗಳ ಮದುವೆಯಲ್ಲಿ
ಯಾರೋ ಅದನ್ನು ಪೂರ್ತಿ ಹಾಡಿದರು.
ಒಳ್ಳೆಯ ಕಂಠ. ಒಂದಕ್ಷರ ಬಿಡಲಿಲ್ಲ.
ನದಿ ದಾಟಿದ್ದು
ಕಳೆದುಹೋದ ಒಂದು ಕುರಿಗಂತೆ.

ಅಷ್ಟೇನಾ, ಅಂದ ಗೊದೆರ್ಜಿ
ದ್ರಾಕ್ಷಾರಸದ ಲೋಟ ಹಿಡಿದು,
ತೂತಿದ್ದ ಕಡೆಯಲ್ಲೆಲ್ಲ
ತನಗೇ ತಿಳಿಯದೆ
ಬಾಗುತ್ತ, ಏಳುತ್ತ.